ಒಗ್ಗರಣೆ ಇಲ್ಲದ ಊರು

ಪಾಲಂಪುರದ ಹತ್ತಿರದ ಹಳ್ಳಿ, ಹಿಮಾಚಲ
೫ ಮೇ ೨೦೨೪, ಭಾನುವಾರ

ಚಿ. ಮಧ್ವರಾಜನಿಗೆ ಅಕ್ಕ ನೀರಜಾಕ್ಷಿಯ ಆಶೀರ್ವಾದ.

ಬಂದು ಮುಟ್ಟಿದೆ. ಸೊಂಟ ಮಾತ್ರ ಇನ್ನೂ ಪಠಾಣ್‌ಕೋಟಿನ ಬಸ್ಸಿನಲ್ಲೇ ಉಂಟು. ಈ ಸುದ್ದಿ ಫೋನಿನಲ್ಲಿ ಎತ್ತಬೇಡ, ಕಾಗದ ಬರೆ ಎಂದು ನೀನು ಹೇಳಿದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ನೀನು ಕಿರುಚುತ್ತೀ, ನಾನು ಇಟ್ಟುಬಿಡುತ್ತೇನೆ. ಕಾಗದದಲ್ಲಿ ಎರಡೂ ಆಗುವುದಿಲ್ಲ.

ಪಡೀಲಿನಲ್ಲಿ ಎಲ್ಲರಿಗೂ ಬೇಸಿಗೆ ಪ್ರವಾಸ ಎಂದೇ ಹೇಳಿ ಹೊರಟದ್ದು. ಪಕ್ಕದ ಮನೆಯ ರೊಸಾಲಿನ್, "ನೀವು ಲಕ್ಕಿ ಟೀಚರ್, ಅಲ್ಲಿಂದ ಅಕ್ರೋಟು ತನ್ನಿ" ಎಂದಳು. ನನ್ನ ತಮ್ಮನ ಒಬ್ಬಳೇ ಮಗಳು ಬೆಟ್ಟದ ಹುಡುಗನನ್ನು ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಾಳೆ, ಅವಳನ್ನು ಬಿಡಿಸಿಕೊಂಡು ಬರಲು ಹೋಗುವುದು ಮಾರಾಯ್ತಿ ಎಂದು ಆಕೆಗೆ ಹೇಳಲಿಕ್ಕಾಗುತ್ತದಾ?

ಇನ್ನು ಈ ಊರಿನ ಚಂದ. ಎದುರಿಗೆ ಹಿಮದ ಬೆಟ್ಟ ಉಂಟು, ಒಪ್ಪುತ್ತೇನೆ. ಆದರೆ ಅದನ್ನು ನೋಡುವವರು ಯಾರೂ ಇಲ್ಲ. ಬಂದ ಟೂರಿಸ್ಟುಗಳೆಲ್ಲ ಬೆಟ್ಟಕ್ಕೆ ಬೆನ್ನು ಹಾಕಿ ತಮ್ಮ ಮುಖದ್ದೇ ಫೋಟೋ ತೆಗೆಯುತ್ತಾರೆ. ಆ ಮುಖ ಮನೆಯ ಕನ್ನಡಿಯಲ್ಲಿ ಪುಕ್ಕಟೆ ಸಿಗುತ್ತಿರಲಿಲ್ಲವಾ? ಮತ್ತೆ ಊಟ! ಕಾಂಗ್ರಾದ ಊಟ, ಕಾಂಗ್ರಾದ ಊಟ ಎಂದು ಸ್ಮೃತಿ ಎಷ್ಟು ಕೊಚ್ಚಿಕೊಂಡಿದ್ದಳು. ನಾನು ಇಳಿದುಕೊಂಡದ್ದು ಆ ಹುಡುಗನ ಮನೆಯಲ್ಲೇ, ಇವರ ಅಡುಗೆಮನೆಯ ಬಾಗಿಲಲ್ಲಿ ಇಣುಕಿ ನೋಡಿದೆ. ಬೇಳೆ ಬೇಯಿಸಿ ಉಪ್ಪು ಹಾಕಿ ಇಟ್ಟಿದ್ದಾರೆ, ಅಷ್ಟೇ. ಅರಸಿನ ಇಲ್ಲ, ಒಗ್ಗರಣೆ ಇಲ್ಲ. ನಮ್ಮಲ್ಲಿ ಜ್ವರ ಬಂದವರಿಗೂ ಇದಕ್ಕಿಂತ ರುಚಿಯಾಗಿ ಬಡಿಸುತ್ತಾರೆ.

ಹುಡುಗನ ಹೆಸರು ಪಂಕಜ. ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಪಂಕಜಕ್ಕನ ನೆನಪಾಗಿ ನಗು ತಡೆಯಲಿಕ್ಕಾಗಲಿಲ್ಲ. ಅಪ್ಪ, ಮಗ ಇಬ್ಬರೂ ಬೋಟಿಗಳು. ಹಾಗೆಂದರೆ ಮದುವೆಮನೆಗಳಿಗೆ ಹೋಗಿ ಅಡುಗೆ ಮಾಡುವ ಇಲ್ಲಿಯ ಬ್ರಾಹ್ಮಣರು. ತಾಯಿ ಇಲ್ಲ, ಒಬ್ಬಳು ಅಜ್ಜಿ ಇದ್ದಾಳೆ. ಬೇಸಿಗೆಯಲ್ಲಿ ಮೇಲಿನ ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಚಹಾ ಎಲೆಯ ಸಂಶೋಧನೆಗೆಂದು ಬಂದ ನಿನ್ನ ಮಗಳು ಉಳಿದದ್ದು ಆ ಕೋಣೆಯಲ್ಲೇ. ಈಗ ನಾನು ಬರುತ್ತೇನೆಂದು ತಿಳಿದು ಪೇಟೆಯ ಹಾಸ್ಟೆಲಿಗೆ ಹೋಗಿ ಕೂತಿದ್ದಾಳೆ. ರಜೆಯ ದಿನ ಮಾತ್ರ ಬಂದು ಮುಖ ತೋರಿಸುತ್ತಾಳಂತೆ.

ನೀನು ಹೇಳಿದ ಹಾಗೆ ಇವರ ಕೈಯ ಒಂದು ತೊಟ್ಟು ನೀರೂ ಕುಡಿದಿಲ್ಲ. ಜಗಲಿಯ ಮೂಲೆಯಲ್ಲಿ ನನ್ನದೇ ಕರೆಂಟಿನ ಒಲೆ, ಊರಿನಿಂದ ತಂದ ಬೆಳ್ತಿಗೆ ಅಕ್ಕಿಯ ಗಂಜಿ, ಉಪ್ಪು. ಬೆಳಿಗ್ಗೆ ತಣ್ಣೀರಿನ ಸ್ನಾನ, ಒದ್ದೆ ಸೀರೆಯನ್ನು ಯಾರೂ ಮುಟ್ಟದ ಕಡೆ ಒಣಗಿಸುವುದು. ಬಂದ ದಿನವೇ ಅಜ್ಜಿಗೆ ನನ್ನ ಪರೀಕ್ಷೆ ಪಾಸಾದ ಹಿಂದಿಯಲ್ಲಿ ಹೇಳಿಬಿಟ್ಟೆ: "ನಾನು ಸ್ಮೃತಿಯ ಅಪ್ಪನ ಅಕ್ಕ. ಅವನು ಇನ್ನು ಬರುವ ಹಾಗಿಲ್ಲ. ಅವಳನ್ನು ಊರಿಗೆ ಕರೆದುಕೊಂಡು ಹೋಗ್ಲಿಕ್ಕೆ ನಾನು ಬಂದದ್ದು. ನನ್ನ ಅಡುಗೆ ಬೇರೆ." ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಕೂತಳು. ಎಂತ ನಾಟಕ!

ನಿನ್ನ ಅಕ್ಕ,
ನೀರಜಾಕ್ಷಿ


ಉರ್ವ, ಮಂಗಳೂರು
೧೧ ಮೇ ೨೦೨೪

ಅಕ್ಕನಿಗೆ ಮಧ್ವರಾಜನ ನಮಸ್ಕಾರಗಳು.

ಕಾಗದ ಸಿಕ್ಕಿತು. ಅಡುಗೆಯವರು! ಮೂರು ತಲೆಮಾರಿನಿಂದ ಗರ್ಭಗುಡಿಯೊಳಗೆ ನಿಂತು ದೇವರನ್ನು ಮುಟ್ಟಿದ ಮನೆಯ ಹುಡುಗಿಗೆ ಸೌಟು ತಿರುಗಿಸುವವನೇ ಆಗಬೇಕಾ? ಅದೂ ಒಗ್ಗರಣೆ ಹಾಕಲಿಕ್ಕೂ ಬಾರದವನು! ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬ್ರಾಹ್ಮಣರಂತೆ. ಚಳಿಗೆ ಬೆಳ್ಳುಳ್ಳಿ ಜಗಿಯುವ ಬ್ರಾಹ್ಮಣರಿರಬೇಕು.

ಈ ವರ್ಷ ಎಲ್ಲರಿಗೂ ಆ ಬೆಟ್ಟದ್ದೇ ಹುಚ್ಚು. ನಮ್ಮ ಬಿಲ್ಡಿಂಗಿನ ತಾರಾನಾಥ ಕುಟುಂಬ ಸಮೇತ ಮನಾಲಿಗೆ ಹೋಗಿ ಬಂದ. ಟೂರಿನವರು ಇಲ್ಲಿಂದಲೇ ಅಡುಗೆಯವರನ್ನೂ ತೆಂಗಿನಕಾಯಿಯನ್ನೂ ಕೊಂಡು ಹೋಗಿದ್ದರಂತೆ. "ಹಿಮದಲ್ಲಿ ಕೂತು ಬಿಸಿ ಬಿಸಿ ಸಾಂಬಾರು ಹೊಡೆದೆವು ಭಟ್ರೇ!" ಎಂದು ಲಿಫ್ಟಿನಲ್ಲಿ ನಿಲ್ಲಿಸಿ ಹೇಳಿದ. ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು? ಫ್ರಿಜ್ಜಿನ ಬಾಗಿಲು ತೆರೆದು ಎದುರಿಗೆ ಕೂತಿದ್ದರೆ ಆಗುತ್ತಿತ್ತು.

ನೀನು ಮಾತ್ರ ಬಿಗಿ ಬಿಡಬೇಡ. ಅವರ ಮನೆಯ ಅನ್ನ ನಿನ್ನ ಹೊಟ್ಟೆಗೆ ಹೋದರೆ ಅರ್ಧ ಮದುವೆ ಆದ ಹಾಗೆಯೇ ಲೆಕ್ಕ ಹಿಡಿಯುತ್ತಾರೆ. ೨೬ನೇ ತಾರೀಕು ಭಾನುವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟಿದ್ದೇನೆ. ಅದಕ್ಕೆ ಮೊದಲು ಸ್ಮೃತಿಯನ್ನು ಕರೆದುಕೊಂಡು ಬಾ. ಅವಳು ದಿನಾ ಫೋನ್ ಮಾಡುತ್ತಾಳೆ. ನಾನು ಎತ್ತುವುದಿಲ್ಲ. ದೇವಸ್ಥಾನದ ಮೆಟ್ಟಿಲಲ್ಲಿ, ಹತ್ತು ಜನರ ಎದುರು ನಾನು ನಿಂತಿರುವಾಗ ಫೋನಿನಲ್ಲಿ "ಅಪ್ಪಾ, ನಂಗೆ ಒಬ್ಬ ಇಷ್ಟ ಆಗಿದ್ದಾನೆ" ಎಂದವಳು. ಇನ್ನು ಮಾತಾಡುವುದಿದ್ದರೆ ಉರ್ವದ ಮನೆಯೊಳಗೆ ನಿಂತು ಮಾತಾಡಲಿ.

ಮಧ್ವರಾಜ


ಪಾಲಂಪುರದ ಹತ್ತಿರ
೧೭ ಮೇ ೨೦೨೪

ಚಿ. ಮಧ್ವರಾಜನಿಗೆ ಆಶೀರ್ವಾದ.

ಸತ್ಯನಾರಾಯಣ ಪೂಜೆಗೆ ಹುಡುಗಿಯ ಜಾತಕದ ಝೆರಾಕ್ಸ್ ಯಾಕೆ ಬೇಕು? ಹೊರಡುವ ಮುಂಚೆ ನಿನ್ನ ಮೇಜಿನ ಮೇಲೆ ನೋಡಿದ್ದೇನೆ. ನನ್ನ ಹತ್ತಿರವೇ ಮುಚ್ಚಿಡುತ್ತೀಯಾ? ನಲವತ್ತು ಮಕ್ಕಳ ಕ್ಲಾಸಿನಲ್ಲಿ ಯಾರು ಯಾರ ಪೆನ್ಸಿಲ್ ಕದ್ದದ್ದು ಎಂದು ಮುಖ ನೋಡಿ ಹೇಳುತ್ತಿದ್ದವಳು ನಾನು.

ಇಲ್ಲಿ ಇವರು ನನ್ನನ್ನು ನಡೆಸಿಕೊಳ್ಳುವ ರೀತಿ ಕೇಳು. ನಾನು ಜಗಲಿಗೆ ಬಂದರೆ ರೇಡಿಯೋ ನಿಲ್ಲಿಸುತ್ತಾರೆ. ಇಬ್ಬರು ನಗುತ್ತಿದ್ದರೆ ಬಾಯಿ ಮುಚ್ಚುತ್ತಾರೆ. ಪಂಕಜ ತಲೆ ತಗ್ಗಿಸಿ ಪಿಸುಮಾತಿನಲ್ಲಿ "ಬುವಾಜಿ, ಏನಾದರೂ ಬೇಕಾ?" ಎಂದು ಕೇಳಿ ಸರಿದು ಹೋಗುತ್ತಾನೆ. ಬುವಾ ಎಂದರೆ ಇವರ ಭಾಷೆಯಲ್ಲಿ ಸೋದರತ್ತೆ. ಮದುವೆಯ ಮಾತನ್ನು ಒಂದು ಸಲವಾದರೂ ಎತ್ತಬೇಕಲ್ಲ? ಇಲ್ಲ. ನಾನಾಗಿ ಎತ್ತಿದರೆ, "ಈಗ ಬೇಡ ಬುವಾಜಿ, ಅದಕ್ಕೆ ಸಮಯ ಉಂಟು" ಎನ್ನುತ್ತಾನೆ. ಗುಳ್ಳೆನರಿ. ಅಜ್ಜಿಯಂತೂ ನಾನು ಗಂಜಿ ಉಣ್ಣುವಾಗ ಕಂಬಕ್ಕೆ ಒರಗಿ ನೋಡುತ್ತಾ ಕಣ್ಣು ಒರೆಸಿಕೊಳ್ಳುತ್ತಾಳೆ. ಬಡವರ ಗಂಜಿ ಎಂದು ಅವಳಿಗೆ ಕನಿಕರ ಇರಬೇಕು! ಇವಳ ಒಗ್ಗರಣೆ ಇಲ್ಲದ ಬೇಳೆಗಿಂತ ನನ್ನ ಗಂಜಿ ಎಷ್ಟೋ ಮೇಲು. ದಿನಾ ಅದೇ ಬೇಳೆ, ದಿನಾ ಅದೇ ಬಿಳಿ ಅನ್ನ. ಮದುವೆಗಳಿಗೆ ಇವರನ್ನು ಕರೆಯುವವರ ನಾಲಿಗೆಗೆ ಎಂತ ರೋಗವೋ.

ಬೆಳಿಗ್ಗೆ ನನ್ನ ಬಾಗಿಲ ಹೊರಗೆ ಬಿಸಿನೀರಿನ ಪಾತ್ರೆ ಇರುತ್ತದೆ. ಯಾರು ಇಡುವುದೆಂದು ಗೊತ್ತಿಲ್ಲ. ಸ್ನಾನಕ್ಕೆ ಮಾತ್ರ ಬಳಸಿದೆ. ಬೈಯಬೇಡ, ಇಲ್ಲಿಯ ತಣ್ಣೀರು ಮನುಷ್ಯರಿಗೆ ಮಾಡಿದ್ದಲ್ಲ.

ಸ್ಮೃತಿ ಕಳೆದ ಭಾನುವಾರ ಬಂದಿದ್ದಳು. ಊರಿಗೆ ಹೊರಡು ಎಂದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅತ್ತೆ, ಅಪ್ಪ ಬಂದು ಪಂಕಜನನ್ನು ಒಂದು ಸಲ ನೋಡ್ಲಿ. ನೋಡಿ ಆದ್ಮೇಲೂ ಬೇಡ ಅಂದ್ರೆ ನಾನು ಮದುವೆ ಆಗುದಿಲ್ಲ. ಅಪ್ಪ ಧಾರೆ ಎರೆಯದ ಮದುವೆ ನಂಗೆ ಬೇಡ. ಆದ್ರೆ ಉರ್ವದಲ್ಲಿ ಇನ್ಯಾರದ್ದೋ ಎದುರು ಕಾಫಿ ಲೋಟ ಹಿಡಿದು ನಿಲ್ಲುದೂ ಇಲ್ಲ." ಅತ್ತಳು. ನಾನು ಕರಗಲಿಲ್ಲ. ಆದರೆ ೨೬ಕ್ಕೆ ಬರುವ ಅಂದಾಜು ಕಾಣುವುದಿಲ್ಲ.

ನೀರಜಾಕ್ಷಿ


ಉರ್ವ
೨೨ ಮೇ ೨೦೨೪

ಅಕ್ಕ,

ಈಗ ಮುಚ್ಚುಮರೆ ಯಾಕೆ. ೨೬ಕ್ಕೆ ಬರುವುದು ಕೃಷ್ಣಕಿಶೋರನ ಮನೆಯವರು. ಹುಡುಗ ಫಳ್ನೀರಿನಲ್ಲಿ ಹಲ್ಲಿನ ಡಾಕ್ಟರು. ಒಳ್ಳೆಯ ಕುಲ, ಒಳ್ಳೆಯ ಗೋತ್ರ, ಸ್ಕೂಟರಿನಲ್ಲಿ ಹೋದರೆ ನನಗೆ ಹತ್ತು ನಿಮಿಷದ ದಾರಿ. ನಾನು ಮಾತು ಕೊಟ್ಟಾಗಿದೆ. ಈಗ ಅವರಿಗೆ ಎಂತ ಹೇಳಲಿ? ಹುಡುಗಿ ಬೆಟ್ಟದ ಮೇಲೆ ಪಾತ್ರೆ ತಿಕ್ಕುತ್ತಿದ್ದಾಳೆ ಎನ್ನಲಾ?

ಷರತ್ತು ಹಾಕುತ್ತಾಳೆ, ನನಗೆ! ನಾನು ಹೋಗಿ ಆ ಅಡುಗೆಯವನನ್ನು ನೋಡಬೇಕಂತೆ. ತಾಯಿ ಇಲ್ಲದ ಮಗು ಎಂದು ಹೆಗಲ ಮೇಲೆ ಕೂರಿಸಿ ಸಾಕಿದೆ. ಈಗ ತಲೆ ತುಳಿಯುತ್ತಿದ್ದಾಳೆ. ಸಾಕು. ಇವತ್ತಿನಿಂದ ಅವಳು ನನ್ನ ಪಾಲಿಗೆ ಸತ್ತಳು. ಎಳ್ಳುನೀರು ಬಿಟ್ಟೆ ಎಂದೇ ಅವಳಿಗೆ ಹೇಳು. ಅವಳು ಯಾರ ಮನೆಯ ಬೇಳೆ ಬೇಯಿಸುತ್ತಾಳೋ ಬೇಯಿಸಲಿ. ನೀನು ಇನ್ನು ಅಲ್ಲಿದ್ದು ಮಾಡುವುದು ಎಂತದೂ ಇಲ್ಲ. ಟಿಕೆಟ್ ಮಾಡಿಕೊಂಡು ಹೊರಡು.

ಮಧ್ವರಾಜ


ಪಾಲಂಪುರದ ಹತ್ತಿರ
೨೪ ಮೇ ೨೦೨೪

ಮಧ್ವಾ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಕೂತು ಓದು. ಇಲ್ಲಿ ನೀನು ಸತ್ತಿದ್ದೀ.

ತಮಾಷೆ ಅಲ್ಲ ಮಾರಾಯ. ನಾನು ಬಂದ ದಿನದಿಂದ ಈ ಮನೆಯವರು ನಿನ್ನ ಸಾವಿನ ದುಃಖದಲ್ಲಿದ್ದಾರೆ.

ನಿನ್ನೆ ಹುಣ್ಣಿಮೆ. ರಜೆಯೆಂದು ಸ್ಮೃತಿಯೂ ಬಂದಿದ್ದಳು. ಪಕ್ಕದ ಮನೆಯ ಮದುವೆಯ ಊಟ, ಅಡುಗೆ ಪಂಕಜನ ಅಪ್ಪನದು. ಅವಳು ಬಿಡಲಿಲ್ಲ, ನನ್ನನ್ನೂ ಎಳೆದುಕೊಂಡು ಹೋದಳು. ಉಣ್ಣಬಾರದು, ಸುಮ್ಮನೆ ನೋಡಿ ಬರುವುದು ಎಂದು ನಾನೂ ಹೊರಟೆ. ನೋಡುತ್ತೇನೆ, ನಮ್ಮ ದೇವಸ್ಥಾನದ ಸಮಾರಾಧನೆಯೇ! ನೆಲದಲ್ಲಿ ಪಂಕ್ತಿ, ಎಲೆಯಲ್ಲಿ ಊಟ. ಕಟ್ಟಿಗೆ ಒಲೆಯ ಮೇಲೆ ಕೊಳದಪ್ಪಲೆಯಂಥ ದೊಡ್ಡ ಹಿತ್ತಾಳೆಯ ಪಾತ್ರೆಗಳು. ಮಡಿ ಉಟ್ಟು ಬರಿಗಾಲಲ್ಲಿ ನಿಂತ ಬೋಟಿಗಳು, ಅವರನ್ನು ಬಿಟ್ಟು ಆ ಗೆರೆಯೊಳಗೆ ಯಾರೂ ಕಾಲಿಡುವ ಹಾಗಿಲ್ಲ. ಮದುಮಗನ ಅಪ್ಪನೇ ಇಣುಕಿದ್ದಕ್ಕೆ ಬೈಸಿಕೊಂಡ. ನೀರುಳ್ಳಿ ಇಲ್ಲ, ನಿನ್ನ ಬೆಳ್ಳುಳ್ಳಿಯೂ ಇಲ್ಲ. ಮತ್ತೆ ಒಗ್ಗರಣೆ! ತುಪ್ಪದಲ್ಲಿ ಇಂಗು, ಜೀರಿಗೆ ಸಿಡಿದು ಆ ಪರಿಮಳಕ್ಕೆ ನನ್ನ ಬಾಯಲ್ಲಿ ನೀರು. ಹಾಗಾದರೆ ಇವರಿಗೆ ಒಗ್ಗರಣೆ ಬರುತ್ತದೆ. ಮನೆಯಲ್ಲಿ ಮಾತ್ರ ಯಾಕೆ ಹಾಕುವುದಿಲ್ಲ?

ಯೋಚಿಸುವಷ್ಟರಲ್ಲಿ ಪಂಕಜ ನನಗೆ ಪಂಕ್ತಿಯಿಂದ ಬೇರೆಯಾಗಿ, ಮೂಲೆಯಲ್ಲಿ ಮಣೆ ಹಾಕಿದ. ಬೇರೆ ಎಲೆ, ಬಿಳಿ ಅನ್ನ, ಬೆಂದ ಬೇಳೆ. ಮೇಲಿನಿಂದ, ಮುಟ್ಟದೆ ಬಡಿಸಿದ. ನನ್ನ ಪಿತ್ತ ನೆತ್ತಿಗೇರಿತು. ಎಲ್ಲರ ಎದುರು ಕೇಳಿದೆ, "ನಾನು ಯಾರು ಅಂತ ಗೊತ್ತುಂಟಾ? ದೇವಸ್ಥಾನದ ಅರ್ಚಕರ ಮನೆಯವಳು. ನನ್ನನ್ನು ಪಂಕ್ತಿಯಿಂದ ಹೊರಗೆ ಇಡುವ ಧೈರ್ಯ ಯಾರು ಕೊಟ್ರು ನಿನಗೆ?"

ಅವನು ಕೈ ಮುಗಿದು ಹೇಳಿದ, "ಬುವಾಜಿ, ತಪ್ಪು ತಿಳಿಯಬೇಡಿ. ತಮ್ಮ ತೀರಿಕೊಂಡ ಸೂತಕದಲ್ಲಿದ್ದೀರಿ. ನಿಮ್ಮ ಕಡೆ ಅದು ಎಷ್ಟು ದಿನವೋ ಗೊತ್ತಿಲ್ಲ, ನೀವು ಇನ್ನೂ ಬೇರೆಯೇ ಬೇಯಿಸಿಕೊಳ್ಳುತ್ತಿದ್ದೀರಿ. ನಿಮ್ಮ ನಿಯಮ ಕೆಡಬಾರದು ಅಂತ ಹೀಗೆ ಮಾಡಿದೆ."

ಗೊತ್ತಾಯಿತಾ? ಈ ಕಡೆ ಸಾವಿನ ಮನೆಯವರು ಬೇರೆ ಒಲೆಯಲ್ಲಿ ಬೇಯಿಸಿಕೊಳ್ಳುತ್ತಾರೆ. ಅರಸಿನ ಇಲ್ಲ, ಒಗ್ಗರಣೆ ಇಲ್ಲ, ತಣ್ಣೀರು ಸ್ನಾನ, ಯಾರನ್ನೂ ಮುಟ್ಟುವುದಿಲ್ಲ. ನಾನು ನಿನ್ನ ಅಪ್ಪಣೆಯಂತೆ ಮಡಿ ಹಿಡಿದು ಮಾಡಿದ್ದೆಲ್ಲ ಅದೇ! ಅದರ ಮೇಲೆ "ಅವನು ಇನ್ನು ಬರುವ ಹಾಗಿಲ್ಲ, ಮಗಳನ್ನು ಕರೆದುಕೊಂಡು ಹೋಗಲು ಬಂದದ್ದು" ಎಂದು ನಾನೇ ಹೇಳಿದ್ದೆ. ಅಪ್ಪ ಫೋನ್ ಎತ್ತುವುದಿಲ್ಲ ಎಂದು ಸ್ಮೃತಿ ಹೇಳುತ್ತಿದ್ದಳು. ಪಾಪ, ಹುಡುಗಿಗೆ ಸುದ್ದಿ ಮುಟ್ಟಿಸಲು ಅತ್ತೆಗೆ ಬಾಯಿ ಬರುತ್ತಿಲ್ಲ, ನಾವು ಮೊದಲು ಬಾಯಿ ಬಿಡಬಾರದು ಎಂದು ಮನೆಯವರೆಲ್ಲ ನಾಲಿಗೆ ಕಚ್ಚಿಕೊಂಡಿದ್ದರು. ನನ್ನ ದುಃಖಕ್ಕೆ ಜೊತೆಗಿರಬೇಕು ಎಂದು ಅಜ್ಜಿ ತನ್ನ ಮನೆಯ ಒಗ್ಗರಣೆಯನ್ನೂ ನಿಲ್ಲಿಸಿದಳು. ಆ ಸಪ್ಪೆ ಬೇಳೆ, ನಾನು ಉಗಿದು ಉಪ್ಪಿನಕಾಯಿ ಹಾಕಿದ ಆ ಬೇಳೆ, ನಿನ್ನ ಹೆಸರಿನದು ಮಧ್ವಾ.

ನನಗೆ ನಗು ಬಂತು. ತಿರುಗಿ ನೋಡಿದರೆ ಹಿಂದೆ ಸ್ಮೃತಿ ನಿಂತಿದ್ದಳು. ಪಂಕಜ ಹೇಳಿದ್ದನ್ನು ಕೇಳಿದ್ದಾಳೆ. "ಅತ್ತೆ, ಅಪ್ಪ..." ಎಂದು ನನ್ನ ಸೆರಗು ಹಿಡಿದಳು. ಇಲ್ಲ ಮಗಾ, ಜೀವಂತ ಇದ್ದಾನೆ, ಗುಂಡುಕಲ್ಲಿನ ಹಾಗೆ ಇದ್ದಾನೆ ಎಂದು ನಾನು ಬೊಬ್ಬೆ ಹೊಡೆದೆ. ನಂಬಲೇ ಇಲ್ಲ. "ಹಾಗಾದ್ರೆ ಫೋನ್ ಯಾಕೆ ಎತ್ತುದಿಲ್ಲ? ನೀವು ಮೂರು ವಾರದಿಂದ ನನ್ನತ್ರ ಸುಳ್ಳು ಹೇಳ್ತಿದ್ದೀರಿ" ಎಂದಳು. ನಿನಗೆ ಫೋನ್ ಮಾಡಿದಳು. ಮತ್ತೆ ಮಾಡಿದಳು, ನನ್ನ ಫೋನಿನಿಂದಲೂ ಮಾಡಿದಳು. ನಿನ್ನೆ ಮಧ್ಯಾಹ್ನ ನಿನ್ನ ಫೋನ್ ಬಡಿದುಕೊಂಡಿತಲ್ಲ, ಅದು ಅವಳು, ನೀನು ಬದುಕಿದ್ದೀಯಾ ಎಂದು ಕೇಳಲು. ನೀನು ಎತ್ತಲಿಲ್ಲ.

ಕೊನೆಗೆ ರೊಸಾಲಿನ್‌ಗೆ ಫೋನ್ ಮಾಡಿದೆ. ಆಸ್ಪತ್ರೆಯ ಡ್ಯೂಟಿ ಮುಗಿಸಿದವಳು ಫಳ್ನೀರಿನಿಂದ ಸ್ಕೂಟರಿನಲ್ಲಿ ಉರ್ವಕ್ಕೆ ಬಂದು, ಮಾರ್ಕೆಟಿನಲ್ಲಿ ನಿನ್ನನ್ನು ಪತ್ತೆ ಹಚ್ಚಿ, ಕೈಗೆ ಕೊಟ್ಟರೆ ನೀನು ಇಟ್ಟುಬಿಡುತ್ತೀ ಎಂದು ನಾನು ಹೇಳಿದ್ದರಿಂದ ನಿನ್ನ ಬೆನ್ನ ಹಿಂದೆ ಫೋನ್ ಚಾಚಿದಳು. "ಇದು ಎಂತ ಹೀರೆಕಾಯಿ ಮಾರಾಯ? ಪಾತ್ರೆ ತಿಕ್ಕಲಿಕ್ಕೆ ಕೊಡುದಾ?" ನಿನ್ನದೇ ಸ್ವರ, ನಿನ್ನದೇ ಕೊಂಕು. ನಿನ್ನ ಮಗಳು ನನ್ನ ಫೋನನ್ನು ಕೆನ್ನೆಗೆ ಒತ್ತಿಕೊಂಡು ಅಳುತ್ತಾ ನಕ್ಕಳು. ನಾನು ಅಲ್ಲಿ ನಿಲ್ಲಲಾರದೆ ಆಚೆ ಹೋದೆ.

ಅಜ್ಜಿ ಮಾತ್ರ ಇನ್ನೂ ನಂಬಿಲ್ಲ. ಯಾರದ್ದೋ ಸ್ವರ ಕೇಳಿಸಿ ಹುಡುಗಿಯನ್ನು ಸಮಾಧಾನ ಮಾಡಿದ್ದು ಎನ್ನುತ್ತಾಳೆ. "ಬದುಕಿರುವ ಅಪ್ಪ ಮಗಳ ಫೋನ್ ಎತ್ತದೆ ಇರ್ತಾನಾ?" ಎಂದು ನನ್ನನ್ನೇ ಕೇಳಿದಳು. ಇವತ್ತೂ ಅವಳ ಬೇಳೆಗೆ ಒಗ್ಗರಣೆ ಬಿದ್ದಿಲ್ಲ. ಇದಕ್ಕೆ ಉತ್ತರ ಇದ್ದರೆ ನೀನೇ ಬರೆದು ಕಳುಹಿಸು.

ನಾನು ಇವತ್ತು ಅವಳ ಅಡುಗೆಮನೆಯ ಬಾಗಿಲಲ್ಲಿ ಕೂತು ಅದೇ ಬೇಳೆ, ಅದೇ ಅನ್ನ ಉಂಡೆ. ಹೌದು, ಉಂಡೆ.

ನೀರಜಾಕ್ಷಿ


ಪಾಲಂಪುರದ ಹತ್ತಿರ
೨೯ ಮೇ ೨೦೨೪

ವೇದಮೂರ್ತಿ ಮಧ್ವರಾಜ ಭಟ್ಟರಿಗೆ,

ತಾವು ೨೨ಕ್ಕೆ ಬರೆದದ್ದು ನಿನ್ನೆ ಕೈಸೇರಿತು. ಮಗಳು ಸತ್ತಳು, ಎಳ್ಳುನೀರು ಬಿಟ್ಟೆ ಎಂದು ಅಪ್ಪಣೆಯಾಗಿದೆ. ಸಂತೋಷ. ತಮಗೆ ಶಾಸ್ತ್ರ ಗೊತ್ತುಂಟು, ಆದರೂ ಟೀಚರು ಒಂದು ಪ್ರಶ್ನೆ ಕೇಳುತ್ತಾಳೆ.

ಮದುವೆಯಾಗದ ಮಗಳು ಸತ್ತರೆ ಅಪ್ಪನಿಗೆ ಸೂತಕ ಉಂಟಲ್ಲ? ಹತ್ತು ದಿನ ಗರ್ಭಗುಡಿಯ ಹೊಸ್ತಿಲು ದಾಟಬಾರದು, ದೇವರನ್ನು ಮುಟ್ಟಬಾರದು, ಗಂಟೆ ಹಿಡಿಯಬಾರದು. ೨೨ನೇ ತಾರೀಕು ಸಂಜೆ ದೇವರ ಪೂಜೆ ಮಾಡಿದ್ದು ಯಾರು? ೨೩ಕ್ಕೆ? ೨೪ಕ್ಕೆ? ಬದಲಿ ಭಟ್ಟರನ್ನು ಕರೆಸಿದ ಸುದ್ದಿ ನನಗೆ ಬಂದಿಲ್ಲ. ತಾವೇ ಮಾಡಿದ್ದಾದರೆ ಎರಡರಲ್ಲಿ ಒಂದು. ಸೂತಕದ ಕೈಯಲ್ಲಿ ದೇವರನ್ನು ಮುಟ್ಟಿದ್ದೀರಿ, ಅಥವಾ ತಮ್ಮ ಮಗಳು ಸತ್ತಿಲ್ಲ. ಯಾವುದು?

ಥೂ ಮಧ್ವಾ! ನಿನ್ನ ಮುಖವನ್ನೇ ಕಾಣದ ಮುದುಕಿ ನಿನಗಾಗಿ ಬಾಯಿರುಚಿ ಬಿಟ್ಟು ಕೂತಿದ್ದಾಳೆ. ನೀನು ಕಣ್ಣೆದುರು ಬೆಳೆದ ಮಗುವನ್ನು ಒಂದು ಹಾಳೆಯಲ್ಲಿ ಸುಟ್ಟುಬಿಟ್ಟೆ. ಅಡುಗೆಯವರು, ಅಡುಗೆಯವರು ಎನ್ನುತ್ತೀ. ಮೂರು ತಲೆಮಾರು ಎಂದು ಕೊಚ್ಚಿಕೊಂಡೆಯಲ್ಲ, ನಮ್ಮ ಅಜ್ಜ ಮಠದ ಅಡುಗೆಮನೆಯಲ್ಲಿ ಸೌಟು ಹಿಡಿದವರು. ಆ ಸೌಟಿನ ಅನ್ನದಲ್ಲೇ ಅಪ್ಪಯ್ಯ ಮಂತ್ರ ಕಲಿತದ್ದು. ಮರೆತಿದ್ದರೆ ನೆನಪಿಸುತ್ತಿದ್ದೇನೆ.

ನಿನ್ನ ಆ ಕಾಗದವನ್ನು ಸ್ಮೃತಿಗೆ ತೋರಿಸಿಲ್ಲ. ನೀನು ಸತ್ತೆ ಎಂದು ಅವಳು ಒಂದು ಮಧ್ಯಾಹ್ನ ಕಂಡಾಗಿದೆ. ಅವಳು ಸತ್ತಳೆಂದು ನೀನು ಬರೆದದ್ದನ್ನೂ ಕಾಣುವುದು ಬೇಡ. ಟಿಕೆಟ್ ಮಾಡಿಲ್ಲ. ಉತ್ತರ ಬಂದ ಮೇಲೆ ನೋಡುವ.

ನೀರಜಾಕ್ಷಿ


ಉರ್ವ
೬ ಜೂನ್ ೨೦೨೪

ಅಕ್ಕನಿಗೆ ನಮಸ್ಕಾರಗಳು.

ಎರಡೂ ಕಾಗದ ಸಿಕ್ಕಿದವು. ಟೀಚರು ರಿಟೈರ್ ಆದರೂ ಬೆತ್ತ ಬಿಟ್ಟಿಲ್ಲ.

೨೬ಕ್ಕೆ ಕೃಷ್ಣಕಿಶೋರನ ಮನೆಯವರು ಬಂದು ಹೋದರು. ಹುಡುಗಿ ಇಲ್ಲ ಎಂದದ್ದಕ್ಕೆ ಅವನ ತಾಯಿಗೆ ಬೇಸರವೇ ಆಗಲಿಲ್ಲ. ಬೇಸರವಾದದ್ದು ಪಲ್ಯಕ್ಕೆ ಕಾಯಿ ಕಡಿಮೆಯಾದದ್ದಕ್ಕೆ. ಉಂಡು, ತೇಗಿ, ಇನ್ನೊಂದು ಹುಡುಗಿಯ ಮನೆ ಇಲ್ಲೇ ಹತ್ತಿರ ಉಂಟೆಂದು ಎದ್ದು ಹೋದರು. ಅಂಥವರಿಗೆ ನಾನು ಮಾತು ಕೊಟ್ಟಿದ್ದೆ.

ರೊಸಾಲಿನ್ ಮಾರ್ಕೆಟಿನಲ್ಲಿ ಫೋನ್ ಎತ್ತಿ ಹಿಡಿದು ನಿಂತದ್ದು ಕಂಡಿದ್ದೆ. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಆ ದಿನ ನನ್ನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಹೂವಿನ ಬುಟ್ಟಿಯ ಅಡಿಗೆ ತುರುಕಿ ಇಟ್ಟಿದ್ದೆ. ಯಾಕೆ ಮಾಡುತ್ತಿದ್ದಾಳೆಂದು ನನಗೆ ಎಂತ ಗೊತ್ತು ಅಕ್ಕ? ನಿನ್ನ ಕಾಗದ ಓದಿದ ಮೇಲೆ ಆ ಬುಟ್ಟಿಯನ್ನು ನೋಡಲಿಕ್ಕೆ ಆಗುತ್ತಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ. ಬದಲಿ ಭಟ್ಟರನ್ನು ಕರೆದಿಲ್ಲ. ೨೨ಕ್ಕೆ ಆ ಕಾಗದವನ್ನು ಪೋಸ್ಟಿಗೆ ಹಾಕಿ ಬಂದು, ಕೈಕಾಲು ತೊಳೆದು, ಗರ್ಭಗುಡಿಗೆ ಹೋದೆ. ಪೂಜೆ ಮಾಡಿದೆ. ದಿನಾ ಮಾಡುವ ಹಾಗೆ ಸ್ಮೃತಿಯ ಹೆಸರು, ನಕ್ಷತ್ರ ಹೇಳಿ ಅರ್ಚನೆಯನ್ನೂ ಮಾಡಿದೆ. ಬಾಯಿಗೆ ಅಭ್ಯಾಸ ಆಗಿದೆ, ಅದು ನನ್ನನ್ನು ಕೇಳುವುದಿಲ್ಲ. ಒಂದು ದಿನವೂ ತಪ್ಪಿಲ್ಲ. ಸೂತಕ ಇಲ್ಲ. ಆ ೨೨ನೇ ತಾರೀಕಿನ ಕಾಗದವನ್ನು ಒಲೆಗೆ ಹಾಕು.

ನಾನು ಒಪ್ಪಿದೆನೆಂದು ನೀವು ಕುಣಿಯುವುದು ಬೇಡ. ಪಂಕಜ ಎಂಬ ಹೆಸರು ನನಗೆ ಈಗಲೂ ಇಷ್ಟವಿಲ್ಲ, ಆ ಚಳಿಯೂ ಇಷ್ಟವಿಲ್ಲ, ಮುಖಕ್ಕೆ ಫೋನ್ ಹಿಡಿದವರ ನಡುವೆ ಬಸ್ಸಿನಲ್ಲಿ ಕೂರುವುದಂತೂ ಬೇಡವೇ ಬೇಡ. ಆದರೂ ಹುಡುಗನನ್ನು ನೋಡಲು ಬರುತ್ತೇನೆ. ಮೊನ್ನೆ ಟಿಕೆಟ್ ಮಾಡಿಸಿದೆ. ಅಕ್ಕಿ ತರುವುದಿಲ್ಲ, ಒಲೆಯನ್ನೂ ತರುವುದಿಲ್ಲ. ತಂದರೆ ಆ ಅಜ್ಜಿ ಈ ಸಲ ಯಾರು ಸತ್ತದ್ದೆಂದು ಮತ್ತೆ ಅಳಲು ಕೂರುತ್ತಾಳೆ.

ಇದು ನಿನ್ನ ಕೈಗೆ ಬರುವಷ್ಟರಲ್ಲಿ ನಾನು ಸ್ಮೃತಿಗೆ ಫೋನ್ ಮಾಡಿ ಆಗಿರುತ್ತದೆ. ಇವತ್ತು ಸಂಜೆಯೇ, ದೇವಸ್ಥಾನದ ಮೆಟ್ಟಿಲಲ್ಲಿ ಕೂತು, ಯಾರು ಕೇಳಿದರೂ ಕೇಳಲಿ ಎಂದು ಮಾಡುತ್ತೇನೆ. ಅವಳು ಎತ್ತಿದರೆ ಸಾಕು.

ಆ ಅಜ್ಜಿಗೆ ಹೇಳು, ಬೇಳೆಗೆ ಒಗ್ಗರಣೆ ಹಾಕಲಿ.

ಮಧ್ವರಾಜ